ಮನೆ ಬಟ್ಟೆಗೆ ದಾರವಿಲ್ಲ

ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ, ಮೊದಲ ಊಟಕ್ಕೆ ಕೂತಾಗಲೇ ಸೋಪಿನ ಕಥೆ ಕೇಳಿದೆ. ಹೇಳಿದವರು ಮಾವ. ಅವರಿಗೆ ಹೊಸ ಕಿವಿಯೊಂದು ಸಿಕ್ಕರೆ ಸಾಕು, ಬಾಯಿಗಿಟ್ಟ ತುತ್ತನ್ನೂ ಮರೆತು ಕಥೆಗೆ ಇಳಿಯುತ್ತಾರೆ.

"ನಮ್ಮನೇಲಿ ಒಂದು ಇಲಿ ಇದೆ, ಗೊತ್ತೇನಮ್ಮಾ? ಬೋನು ಬೇಡ, ಪಾಷಾಣ ಬೇಡ. ಅಗೋ, ಗೋಡೆ ಪಕ್ಕ ಕೂತಿದೆ ನೋಡು."

ಗೋಡೆ ಪಕ್ಕ ಕೂತಿದ್ದವಳು ನನ್ನ ನಾದಿನಿ. ಅವಳು ತಲೆ ಎತ್ತಲಿಲ್ಲ.

"ಆಗ ಇವಳಿಗೆ ಏಳು ವರ್ಷ ಇರಬೇಕು. ಹೋಟೆಲಿನ ಬಿಳೀ ಹಾಸಿಗೆ ಬಟ್ಟೆ ಅಷ್ಟೂ ಒಗೆದು ಮಡಚಿಟ್ಟಿದ್ವಿ. ಈ ಮಹಾತಾಯಿ ಬ್ರೆಡ್ಡು ಜಾಮು ತಿಂದು, ಅದೇ ಕೈಯನ್ನ ಅದರ ಮೇಲೆಲ್ಲ ಒರೆಸಿದಳು. ಅಜ್ಜಿಗೆ ಬಂತು ನೋಡು ಸಿಟ್ಟು! ಎಳ್ಕೊಂಡು ಹೋಗಿ ಸೋಪಿನ ಕೋಣೆಗೆ ನೂಕಿ ಚಿಲಕ ಹಾಕಿದರು. ಆಮೇಲೆ ಎಲ್ಲರೂ ಮರೆತೇಬಿಟ್ವಿ. ಮಷೀನ್ ಸದ್ದಲ್ಲಿ ಯಾರಿಗೆ ಏನು ಕೇಳತ್ತೆ? ಕತ್ತಲಾದ ಮೇಲೆ ಬಾಗಿಲು ತೆಗೆದ್ರೆ, ಸೋಪಿನ ತುಂಬ ಹಲ್ಲಿನ ಗುರುತು! ಬಾಯ್ತುಂಬ ನೊರೆ! ಹಸಿದಿದ್ದಾಳೆ ಅಂತ ಎಲ್ಲರೂ ಸುತ್ತ ಕೂತು ತಟ್ಟೆ ತುಂಬ ಅನ್ನ ತಿನ್ನಿಸಿದ್ವಿ. ಒಂದೊಂದು ತುತ್ತಿಗೂ ಚಪ್ಪಾಳೆ. ಆವತ್ತಿಂದ ಇವಳು ಇಲಿ."

ಎಲ್ಲರೂ ನಕ್ಕರು. ಅಜ್ಜಿ, ಅಂದರೆ ಮಾವನ ತಾಯಿ, ಬೊಚ್ಚುಬಾಯಿ ತೆರೆದು ನಕ್ಕರು. ನನ್ನ ಗಂಡ ನಗುತ್ತಾ ತಂಗಿಯ ತಲೆಗೊಂದು ಮೊಟಕಿದ. ಹೊಸ ಸೊಸೆ ನಾನೂ ಹಲ್ಲು ಬಿಟ್ಟೆ. ಅತ್ತೆ ಮಾತ್ರ ಮಗಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ ಒಳಗೆ ಹೋದರು.

ಈ ಮನೆಯ ಮುಂಭಾಗ ಲಾಂಡ್ರಿ, ಹಿಂಭಾಗ ಸಂಸಾರ. ನಡುವೆ ಇರುವುದು ಒಂದು ಪರದೆ. ಉಗಿ, ಸೋಡಾ ಪುಡಿಯ ವಾಸನೆ, ಜಗಳ, ಈ ಮೂರಕ್ಕೂ ಅದು ಅಡ್ಡಿಯಲ್ಲ. ಒಗೆಯುವವರು ಅತ್ತೆ. ಮೊಣಕಾಲವರೆಗೆ ಕಪ್ಪು ಗಂಬೂಟು ಏರಿಸಿ ಬೆಳಗಿನಿಂದ ನೀರಿನಲ್ಲೇ ನಿಂತಿರುತ್ತಾರೆ. ಇಸ್ತ್ರಿ ಮಾವನದು. ಹೋಟೆಲುಗಳಿಂದ ವ್ಯಾನಿನಲ್ಲಿ ಬಟ್ಟೆ ತರುವುದು, ಕೊಟ್ಟುಬರುವುದು ನನ್ನ ಗಂಡನ ಕೆಲಸ. ಮಡಚಿ ಕಟ್ಟುವವಳು ನಾದಿನಿ. ಅಡಿಗೆಮನೆ ಅಜ್ಜಿಯ ರಾಜ್ಯ, ಅಲ್ಲಿ ಚಮಚ ಜರುಗಿಸಬೇಕಾದರೂ ಅಪ್ಪಣೆ ಬೇಕು. ನನ್ನ ಪಾಲಿಗೆ ಬಂದದ್ದು ಕೌಂಟರು.

ಬಂದ ಬಟ್ಟೆಯ ಜೇಬು ನೋಡಬೇಕು, ಗುಂಡಿ ನೋಡಬೇಕು, ಕಲೆ ನೋಡಬೇಕು. ಕಲೆ ಕಂಡ ಜಾಗದಲ್ಲಿ ಕೆಂಪು ದಾರದ ಒಂದು ಹೊಲಿಗೆ ಹಾಕಿ ಗಂಟು ಬಿಡಬೇಕು. ಅತ್ತೆ ಆ ದಾರ ನೋಡಿ, ಮೊದಲು ಕಲೆ ತೆಗೆದು, ದಾರ ಕತ್ತರಿಸಿ, ಆಮೇಲೆ ಬಟ್ಟೆಯನ್ನು ಮಷೀನಿಗೆ ಹಾಕುತ್ತಾರೆ.

"ದಾರ ಇಲ್ಲದೆ ಬಂದ್ರೆ ತಪ್ಪು ನಿಂದು. ದಾರ ಕಟ್ಟಿದ ಮೇಲೂ ಕಲೆ ಉಳಿದ್ರೆ ತಪ್ಪು ನಂದು," ಎಂದು ಮೊದಲ ದಿನವೇ ಹೇಳಿಕೊಟ್ಟರು. ಅವರ ಕೈಯಲ್ಲಿ ಉಳಿದ ಕಲೆಯನ್ನು ನಾನು ನೋಡಿಲ್ಲ. ಟೀ, ಶಾಯಿ, ಗ್ರೀಸು, ಯಾವುದಾದರೂ ಸರಿ, ಹೇಳಹೆಸರಿಲ್ಲದಂತೆ ಹೋಗುತ್ತದೆ.

ದಿನಕ್ಕೆರಡು ಬಾರಿ ಈ ಮನೆಯಲ್ಲಿ ಯುದ್ಧ ನಡೆಯುತ್ತಿತ್ತು. ಅದನ್ನು ಇವರು ಊಟ ಎಂದು ಕರೆಯುತ್ತಿದ್ದರು.

"ಹಾಕ್ಲಾ?" ಎಂದು ಅಜ್ಜಿ ಸೌಟು ಎತ್ತಿದರೆ ನಾದಿನಿ ತಟ್ಟೆಯ ಮೇಲೆ ಕೈ ಅಡ್ಡ ಇಡುವಳು.

"ಬೇಡ."

"ಯಾಕೆ ಬೇಡ? ನಾನು ಮುಟ್ಟಿದ್ದು ವಿಷಾನಾ?"

"ಹಸಿವಿಲ್ಲ ಅಜ್ಜಿ."

"ನಿನ್ನೆ ಒಂದಿಡೀ ಬ್ರೆಡ್ಡು ಮಾಯ ಆಯ್ತಲ್ಲ, ಆಗ ಎಲ್ಲಿಂದ ಬಂತು ಹಸಿವು? ಕದ್ದು ತಿನ್ನೋಕೆ ಬರತ್ತೆ, ಕೂತು ತಿನ್ನೋಕೆ ಬರಲ್ಲ!"

"ಒಂದು ತುಂಡು ಸೋಪು ಕೊಡಮ್ಮ, ಚಪ್ಪರಿಸ್ಕೊಂಡು ತಿಂತಾಳೆ," ಎಂದು ಮಾವ ಒಗ್ಗರಣೆ ಹಾಕುವರು.

ಅವಳು ತಿನ್ನುವವರೆಗೂ ಯಾರೂ ಏಳುವಂತಿಲ್ಲ ಎಂಬ ಕಾನೂನು ಬೇರೆ. ಕೊನೆಗೆ ಅವಳು ಗಬಗಬನೆ ನುಂಗಿ ಎದ್ದು ಹಿತ್ತಲ ಬಚ್ಚಲಿಗೆ ಹೋಗುವಳು. ನಲ್ಲಿ ಪೂರ್ತಿ ಬಿಟ್ಟ ಸದ್ದು ಬರುವುದು. ಅದು ಇಲ್ಲಿ ಕೂತ ಎಲ್ಲರಿಗೂ ಕೇಳಿಸುತ್ತಿತ್ತು, ಎಲ್ಲರೂ ಸೇರಿ ಕೇಳಿಸಿಕೊಳ್ಳದೆ ಇರುತ್ತಿದ್ದರು. ಹತ್ತೊಂಬತ್ತು ವರ್ಷದ ಹುಡುಗಿ, ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಆ ಉಗಿಯ ಸೆಕೆಯಲ್ಲೂ ಅವಳು ತೊಡುತ್ತಿದ್ದದ್ದು ತುಂಬು ತೋಳಿನ ಅಂಗಿ.

ಮನೆಯವರ ಬಟ್ಟೆ ಒಗೆಯುವುದು ವಾರದ ಕೊನೆಗೆ. ಒಮ್ಮೆ ನಾದಿನಿಯ ಅಂಗಿಯ ಎಡತೋಳು ಒಳಮಗ್ಗುಲು ಹೊರಗಾಗಿ ಬಂದಿತ್ತು. ಅಲ್ಲಿ ಕಂದು ಬಣ್ಣದ ಕಲೆಗಳು. ಕೈ ಅಭ್ಯಾಸದಂತೆ ಕೆಂಪು ದಾರ ಹಾಕಿ ಕಳಿಸಿದೆ. ಸಂಜೆಗೆ ಅಂಗಿ ಹಾಲಿನಂತೆ ಬೆಳ್ಳಗಾಗಿ ಬಂತು, ದಾರವಿಲ್ಲ. ಅತ್ತೆ ನೋಡಿದ್ದಾರೆ, ಮಗಳನ್ನು ಕೇಳಿರುತ್ತಾರೆ ಎಂದುಕೊಂಡೆ. ಮುಂದಿನ ವಾರ ಮತ್ತೆ ಕಲೆ, ಮತ್ತೆ ದಾರ, ಮತ್ತೆ ಬಿಳಿ ಅಂಗಿ. ಅದರ ಮುಂದಿನ ವಾರವೂ ಹಾಗೇ ಆದಾಗ ಅತ್ತೆ ಬೂಟು ತಟಪಟ ಬಡಿಯುತ್ತಾ ಕೌಂಟರಿಗೇ ಬಂದರು.

"ಮನೆ ಬಟ್ಟೆಗೆ ದಾರ ಕಟ್ಟಬೇಡ."

"ಕಲೆ ಇತ್ತು ಅತ್ತೆ."

"ನನಗೂ ಕಣ್ಣಿದೆ."

"ಅದು ರಕ್ತದ ಕಲೆ."

"ತುಕ್ಕಿನ ಕಲೆ. ಮಡಚೋ ಟೇಬಲ್ಲಿಗೆ ಮೊಳೆ ಎದ್ದಿದೆ."

"ಅಂಗಿ ಎಲ್ಲೂ ಹರಿದಿಲ್ವಲ್ಲ? ಮೊಳೆ ಅಂಗಿ ಬಿಟ್ಟು ಕೈ ಹುಡುಕ್ಕೊಂಡು ಹೋಗತ್ತಾ?"

ಅವರ ಮುಖ ಕೆಂಪಾಯಿತು. "ಕಲೆ ತೆಗೆಯೋದು ನನ್ನ ಕೆಲಸ, ತೆಗೀತೀನಿ. ಬಂದು ನಾಲ್ಕು ದಿನ ಆಗಿಲ್ಲ, ಆಗ್ಲೇ ಮನೆ ಮಾನ ಬೀದಿಗೆ ಹಾಕೋಕೆ ನೋಡ್ತೀಯಾ?"

"ನಾನು ಬೀದಿಗೆ ಹಾಕಿಲ್ಲ. ನಿಮ್ಮ ಕೈಗೇ ಕೊಟ್ಟಿದೀನಿ. ಮೂರು ಸಲ."

ಅವರು ಕೌಂಟರಿನ ಮೇಲಿದ್ದ ಕೆಂಪು ದಾರದ ಉಂಡೆಯನ್ನು ಎತ್ತಿ ಡ್ರಾಯರಿಗೆ ಎಸೆದು ಹೋದರು. ನನ್ನ ಮೈಯೆಲ್ಲ ಉರಿಯಿತು. ಗಂಡನಿಗೆ ಹೇಳಿದರೆ ಅವನು ವ್ಯಾನಿನ ಗಾಜು ಒರೆಸುತ್ತಲೇ, "ಅಮ್ಮ ನೋಡ್ಕೋತಾಳೆ ಬಿಡು," ಎಂದ.

"ನೋಡ್ಕೋತಾರೆ ಕಣ್ರೀ. ನೋಡ್ತಾರೆ, ಒಗೀತಾರೆ."

"ಇಲಿ ಮೊದಲಿಂದಾನೂ ಹಾಗೇನೇ. ನೀನು ಮೂಗು ತೂರಿಸಬೇಡ."

ಮೂಗು ಹಿಂದಕ್ಕೆಳೆದುಕೊಂಡೆ. ನಾದಿನಿಯೇ ಬಿಡಲಿಲ್ಲ. ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪರದೆ ಸರಿಸಿ ಬಂದಳು. ಎಡತೋಳನ್ನು ಮೊಣಕೈವರೆಗೆ ಮಡಚಿ, ಗಿರಾಕಿಗಳು ಬಟ್ಟೆ ಹರಡುವಂತೆ ಕೈಯನ್ನು ಕೌಂಟರಿನ ಮೇಲೆ ಚಾಚಿ ಇಟ್ಟಳು. ಅಲ್ಲಿ ಹಳೆಯ ಕಲೆಗಳಿದ್ದವು. ಹೊಸ ಗಾಯವೂ ಇತ್ತು, ಇನ್ನೂ ಒಣಗಿರಲಿಲ್ಲ.

"ಇಲ್ಲೂ ಒಂದು ದಾರ ಕಟ್ಟಿ ಅತ್ತಿಗೆ," ಎಂದಳು. "ನಿಮ್ಮ ದಾರ ಕಂಡ್ರೆ ಅಮ್ಮ ಬಂದು ಇದನ್ನೂ ತೆಗೀತಾಳೇನೋ ನೋಡೋಣ."

ಅಳುವ ದನಿಯಾಗಿರಲಿಲ್ಲ ಅದು, ಹಲ್ಲು ಕಚ್ಚಿ ಆಡಿದ ಮಾತು. ಎದ್ದು ಶೆಟರ್ ಎಳೆದೆ.

"ಯಾರದು?" ಎಂದು ಇಸ್ತ್ರಿ ಮೇಜಿನಿಂದ ಮಾವ ಅಬ್ಬರಿಸಿದರು. "ಹಾಡಹಗಲೇ ಶೆಟರ್ ಎಳೆಯೋಕೆ ಯಾರು ಸತ್ತಿದಾರೆ ಇಲ್ಲಿ?"

"ಇನ್ನೂ ಯಾರೂ ಸತ್ತಿಲ್ಲ ಮಾವ. ಅದಕ್ಕೇ ಆಸ್ಪತ್ರೆಗೆ ಹೊರಟಿದೀವಿ."

ಬೇಡವೆಂದರೂ ಮಾವ ಬಂದರು. ಅತ್ತೆ ಬೂಟು ಕಳಚುವುದನ್ನೂ ಮರೆತು ವ್ಯಾನು ಹತ್ತಿದರು. ಡಾಕ್ಟರಮ್ಮ ಗಾಯಕ್ಕೆ ಪಟ್ಟಿ ಕಟ್ಟಿ, ಹುಡುಗಿಯ ನಾಡಿ, ಕಣ್ಣು, ಹಲ್ಲು ನೋಡಿದರು. ಅವಳೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದ ಮೇಲೆ ನಮ್ಮನ್ನು ಕರೆದರು.

"ಊಟದ ತೊಂದರೆ ಒಂದು, ಕೈ ಗಾಯ ಇನ್ನೊಂದು ಅಂತ ತಿಳ್ಕೋಬೇಡಿ. ಎಷ್ಟೋ ಜನರಲ್ಲಿ ಎರಡೂ ಒಂದೇ ಹಳೇ ನೋವಿಂದ ಬಂದಿರತ್ತೆ. ಇವಳು ಚಿಕ್ಕವಳಿದ್ದಾಗ ಏನಾದ್ರೂ ಆಗಿತ್ತಾ? ಹೊಡೆದದ್ದು, ಹೆದರಿಸಿದ್ದು, ಕೂಡಿ ಹಾಕಿದ್ದು?"

"ಛೆ ಛೆ, ಎಲ್ಲಾದ್ರೂ ಉಂಟಾ!" ಎಂದರು ಮಾವ. "ನಮ್ಮದು ನಗುನಗ್ತಾ ಇರೋ ಮನೆ ಡಾಕ್ಟ್ರೇ. ಬೇಕಾದ್ರೆ ಒಂದು ತಮಾಷೆ ಹೇಳ್ತೀನಿ, ನೀವೇ ತಿಳ್ಕೊಳ್ಳಿ."

ಹೇಳಿಯೇ ಬಿಟ್ಟರು! ಬ್ರೆಡ್ಡು ಜಾಮಿನಿಂದ ಹಿಡಿದು ಚಪ್ಪಾಳೆಯವರೆಗೆ, ಒಂದಕ್ಷರ ಬಿಡದೆ, ತಮ್ಮದು ಎಂಥ ಸುಖೀ ಸಂಸಾರ ಎಂದು ತೋರಿಸಲು ಆ ಸೋಪಿನ ಕಥೆಯನ್ನೇ ಹೇಳಿದರು. ನೊರೆಯ ಭಾಗ ಬಂದಾಗ ಎಂದಿನಂತೆ ಕೆನ್ನೆ ಉಬ್ಬಿಸಿ ತೋರಿಸಿದರು. ಡಾಕ್ಟರಮ್ಮ ನಗಲಿಲ್ಲ. ಆ ಕಥೆಗೆ ಯಾರೂ ನಗದೆ ಇದ್ದದ್ದು ಅದೇ ಮೊದಲಿರಬೇಕು. ಮಾವನ ನಗು ಒಂದಿಷ್ಟು ದೂರ ಒಂಟಿಯಾಗಿ ಹೋಗಿ ನಿಂತಿತು.

"ಮಗು ಬಾಗಿಲು ಬಡೀಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರು.

"ಅದೇ ಹೇಳಿದ್ನಲ್ಲ, ಮಷೀನ್ ಸದ್ದಲ್ಲಿ..."

"ಬಡಿದೆ," ಎಂದಳು ನಾದಿನಿ.

ಅತ್ತೆ ತಮ್ಮ ಬೂಟು ನೋಡುತ್ತಾ ಕೂತಿದ್ದರು.

ಮನೆಗೆ ಬಂದ ಮೇಲೆ ಮಾವನಿಗೆ ಆದ ಅವಮಾನ ಯಾರ ತಲೆಗಾದರೂ ಹೊರಿಸಬೇಕಿತ್ತು. ಇಸ್ತ್ರಿಗೆ ನಿಂತವರು ಅರ್ಧಕ್ಕೇ ಬಿಟ್ಟು ಅಡಿಗೆಮನೆಗೆ ನುಗ್ಗಿದರು. ಅಜ್ಜಿ ಆಲೂಗಡ್ಡೆ ಹೆಚ್ಚುತ್ತಿದ್ದರು.

"ನಿನ್ನಿಂದ ಡಾಕ್ಟ್ರ ಮುಂದೆ ನನ್ನ ಮರ್ಯಾದೆ ಹೋಯ್ತಮ್ಮ! ಮಗೂನ ಕೂಡಿ ಹಾಕೋ ಮನೆ ಅಂತ ತಿಳ್ಕೊಂಡ್ರು. ನೀನು ಚಿಲಕ ಹಾಕಿದ್ದಕ್ಕೆ ನಾನು ತಲೆ ತಗ್ಗಿಸಬೇಕಾ?"

ಅಜ್ಜಿ ಆಲೂಗಡ್ಡೆಯನ್ನು ನೀರಿಗೆ ಎಸೆದರು. "ನಾನಾ? ಚಿಲಕ ಹಾಕಿದ್ದು ನಾನಾ? ಆವತ್ತು ನಾನು ಹಲ್ಲು ಕೀಳಿಸೋಕೆ ಹೋಗಿದ್ದೆ. ನೀನು ಹೋಟೆಲಿನವನ ಕೈಕಾಲು ಹಿಡಿಯೋಕೆ ಹೋಗಿದ್ದೆ. ಮನೇಲಿ ಉಳಿದೋರು ಯಾರು? ಕೇಳು ನಿನ್ನ ಹೆಂಡ್ತೀನ!"

"ಏನು ಹೇಳ್ತಿದೀಯಾ?"

"ಕತ್ತಲಾದ ಮೇಲೆ ಬಂದು ಬಾಗಿಲು ತೆಗೆದವಳು ನಾನು. ನೀನು ಬಂದಾಗ ಮಗು ನನ್ನ ಮಡಿಲಲ್ಲಿತ್ತು. ನಾನೇ ಹಾಕಿದೆ ಅಂತ ನೀನು ತಿಳ್ಕೊಂಡೆ, ನಾನೂ ಹೌದು ಅಂದೆ. ಹೆತ್ತವಳ ಮೇಲೆ ಮಗೂಗೆ ದ್ವೇಷ ಬೇಡ ಅಂತ. ಇಷ್ಟು ವರ್ಷ ಇವಳ ಚಿಲಕ ನಾನು ಹೊತ್ಕೊಂಡು, ನಿಮ್ಮ ಜೊತೆ ಹಲ್ಲು ಬೇರೆ ಕಿರಿದಿದೀನಿ! ಇನ್ನು ಸಾಕು."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ನಾನು, ನನ್ನ ಪಕ್ಕ ನಾದಿನಿ.

"ಹೌದು, ನಾನೇ," ಎಂದರು ಅತ್ತೆ. ತಪ್ಪೊಪ್ಪಿಕೊಳ್ಳುವ ದನಿಯಲ್ಲ, ಹೊಡೆದಾಟಕ್ಕೆ ನಿಂತವರ ದನಿ. "ಏನೀಗ? ಅಷ್ಟೂ ಹಾಸಿಗೆ ಬಟ್ಟೆ ಮತ್ತೆ ಒಗೀಬೇಕಿತ್ತು. ಕೊಡದಿದ್ರೆ ಹೋಟೆಲಿನವರು ಕೈಬಿಡ್ತಿದ್ರು. ಒಬ್ಬಳೇ ಸಾಯ್ತಿದ್ದೆ ಅಲ್ಲಿ. ಯಾವ ತಾಯಿ ಸಿಟ್ಟಲ್ಲಿ ಮಗೂನ ಒಳಗೆ ಹಾಕಿಲ್ಲ? ಕೆಲಸದಲ್ಲಿ ಮರೆತೆ. ಮಷೀನ್ ಸದ್ದಿಗೆ ಏನೂ..."

"ಬೂಟು ಕಂಡಿತ್ತು," ಎಂದಳು ನಾದಿನಿ.

ಅತ್ತೆ ತಿರುಗಿ ಮಗಳನ್ನು ನೋಡಿದರು.

"ಆ ಸೋಪಿನ ಕೋಣೆ ಬಾಗಿಲ ಕೆಳಗೆ ಸಂದಿ ಇದೆಯಲ್ಲ. ನಾನು ನೆಲಕ್ಕೆ ಕೆನ್ನೆ ಇಟ್ಟು ನೋಡ್ತಿದ್ದೆ. ಬೂಟು ಬಂತು. ನಿಂತಿತು. ಅಮ್ಮಾ ಅಂದೆ. ಬೂಟು ಹೋಯ್ತು. ಮತ್ತೆ ಬಂತು, ಮತ್ತೆ ಹೋಯ್ತು. ಯಾರು ಹಾಕಿದ್ದು ಅಂತ ನನಗೆ ಆವತ್ತೇ ಗೊತ್ತು. ಅಜ್ಜಿ ಸುಳ್ಳು ಹೇಳೋದು, ಅಪ್ಪ ನಗೋದು, ನೀನು ಅನ್ನ ಹಾಕೋದು, ಎಲ್ಲಾ ನೋಡ್ಕೊಂಡೇ ಬೆಳೆದೆ."

"ನೀನು ಚಿಕ್ಕವಳು, ಏನೋ..."

"ಕೇಳಿಸ್ತಿತ್ತಾ, ಇಲ್ವಾ? ಅಷ್ಟು ಹೇಳು."

ಇಸ್ತ್ರಿ ಪೆಟ್ಟಿಗೆ ಆರಿಸದೆ ಬಂದಿದ್ದರು ಮಾವ, ಆಚೆಯಿಂದ ಸುಟ್ಟ ವಾಸನೆ ಬರುತ್ತಿತ್ತು. ಯಾರೂ ಅತ್ತ ಹೋಗಲಿಲ್ಲ.

"ಕೇಳಿಸ್ತಿತ್ತು," ಎಂದರು ಅತ್ತೆ.

ಅಜ್ಜಿ ಕೂಡ ತಲೆ ಎತ್ತಿ ಸೊಸೆಯ ಮುಖ ನೋಡಿದರು. ಇದು ಅವರಿಗೂ ಗೊತ್ತಿರಲಿಲ್ಲ.

"ಬಾಗಿಲು ತೆಗೆದಿದ್ರೆ ನಿನ್ನನ್ನ ಹೊಡೆದುಹಾಕ್ತಿದ್ದೆ. ಅದಕ್ಕೇ ತೆಗೀಲಿಲ್ಲ."

"ಹೊಡೀಬೇಕಿತ್ತು," ಎಂದಳು ಮಗಳು. "ಹೊಡೆದಿದ್ರೆ ವಾಸಿ ಆಗ್ತಿತ್ತು. ಹೊಟ್ಟೆಗೆ ಏನು ಹೋದ್ರೂ ಸೋಪು ಹೋದ ಹಾಗೇ ಅನ್ಸತ್ತೆ ನನಗೆ. ಇವತ್ತಿಗೂ. ನೀವು ಬೇರೆ ದಿನಾ ಕೂರಿಸ್ಕೊಂಡು ಚಪ್ಪಾಳೆ ತಟ್ತೀರಿ."

ಅವಳು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಮಾವ ಸುಟ್ಟ ಅಂಗಿಯ ಬಳಿಗೆ ಓಡಿದರು. ಅದು ಗಿರಾಕಿಯ ಮದುವೆ ಅಂಗಿ, ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆಯ ಅಚ್ಚು ಬಿದ್ದಿತ್ತು. ಆ ಕಲೆ ಅತ್ತೆಯ ಕೈಯಲ್ಲೂ ಹೋಗುವಂಥದ್ದಲ್ಲ.

ನಿಜ ಹೊರಬಿದ್ದರೆ ಮನೆ ತಿಳಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮನೆಯಲ್ಲಿ ಆಮೇಲೆ ವಾರಗಟ್ಟಲೆ ಯಾರ ಮುಖವನ್ನೂ ಯಾರೂ ನೋಡುವಂತಿರಲಿಲ್ಲ. ಅಜ್ಜಿ ಪಾತ್ರೆ ಕುಕ್ಕುವುದರಲ್ಲೇ ಮಾತಾಡಿದರು. ಮಾವ, "ಇಷ್ಟು ವರ್ಷ ನನ್ನನ್ನ ಮಂಗ ಮಾಡಿದ್ರಿ," ಎಂದು ಹೆಂಡತಿ, ತಾಯಿ ಇಬ್ಬರ ಮೇಲೂ ಹಾರಾಡಿದರು. ಗಂಡ ವ್ಯಾನಿನಲ್ಲೇ ಊಟ ಮಾಡತೊಡಗಿದ.

ನಾದಿನಿ ಎರಡು ಮಾತು ಕಡ್ಡಿ ಮುರಿದಂತೆ ಹೇಳಿದಳು. ಯಾರಾದರೂ ಇಲಿ ಎಂದರೆ ಅವಳು ಊಟ ಬಿಟ್ಟು ಏಳುತ್ತಾಳೆ. ಡಾಕ್ಟರ ಬಳಿಗೆ ಅಮ್ಮ ಬರಕೂಡದು. ಮೊದಲನೆಯದನ್ನು ಮಾವ ಮೂರು ಬಾರಿ ಮರೆತರು, ಅವಳು ಮೂರು ಬಾರಿ ತಟ್ಟೆ ಬಿಟ್ಟು ಎದ್ದಳು. ನಾಲ್ಕನೆಯ ಬಾರಿ ಮಾವ "ಇ..." ಎಂದವರು ನಾಲಿಗೆ ಕಚ್ಚಿಕೊಂಡು, "ಇವಳೇ, ಉಪ್ಪು ಕೊಡು," ಎಂದರು.

ವಾರಕ್ಕೊಮ್ಮೆ ಡಾಕ್ಟರ ಬಳಿಗೆ ನಾನೇ ಕರೆದೊಯ್ಯುತ್ತಿದ್ದೆ. ಅವಳ ಊಟವನ್ನು ಯಾರೂ ಕಾಯಬಾರದು, ಎಣಿಸಬಾರದು, ಸ್ವಲ್ಪ ಸ್ವಲ್ಪವೇ ಕೊಡಬೇಕು ಎಂದು ಅವರು ಹೇಳಿದ್ದರು. ಆಮೇಲಿಂದ ಅವಳು ಕೌಂಟರಿನ ಸ್ಟೂಲಿನಲ್ಲಿ ತಿನ್ನತೊಡಗಿದಳು, ನಾನು ಬೀದಿಗೆ ಮುಖ ಮಾಡಿ ಕೂರುತ್ತಿದ್ದೆ. "ಹೋಟೆಲ್ ಮಾಡ್ಕೊಂಡಿದಾರೆ," ಎಂದು ಅಜ್ಜಿ ಗೊಣಗಿದರೂ ಮೊಟ್ಟೆ ಬೇಯಿಸಿ ಕಳಿಸುತ್ತಿದ್ದರು. ಕೆಲವು ದಿನ ಅರ್ಧ ಮೊಟ್ಟೆ ಇಳಿಯುತ್ತಿತ್ತು. ಕೆಲವು ದಿನ ನಲ್ಲಿಯ ಸದ್ದು.

ಅಮ್ಮನೊಂದಿಗೆ ಅವಳ ಮಾತೆಲ್ಲ ನನ್ನ ಮೂಲಕ.

"ನಿಮ್ಮ ಅತ್ತೆಗೆ ಹೇಳಿ, ನನ್ನ ಕೋಣೆ ಗುಡಿಸಬಾರ್ದು ಅಂತ."

"ನಿನಗೆ ಅವರು ಏನೂ ಆಗಬೇಕಿಲ್ವಾ?"

"ಇಲ್ಲ."

"ಅವಳು ಸರಿಯಾಗಿ ತಿಂದಳಾ ಕೇಳು," ಎನ್ನುವರು ಅತ್ತೆ ಪರದೆಯಾಚೆಯಿಂದ.

"ನೀವೇ ಕೇಳಿ ಅತ್ತೆ! ನಾನೇನು ಪೋಸ್ಟ್‌ಮ್ಯಾನಾ?"

ಡಾಕ್ಟರಮ್ಮ ನನಗೊಂದು ಮಾತು ಹೇಳಿದ್ದರು. "ಮತ್ತೆ ಗಾಯ ಕಾಣಿಸಬಹುದು. ಕೂಗಾಡಬೇಡಿ, ಮುಚ್ಚಲೂಬೇಡಿ. ಕೇಳಿ, ಜೊತೆಗಿರಿ, ನನ್ನ ಹತ್ರ ಕರ್ಕೊಂಡು ಬನ್ನಿ." ಅದನ್ನು ನಾನು ಅತ್ತೆಗೂ ಹೇಳಿದ್ದೆ. ಅವರು ಸೋಡಾ ಪುಡಿ ಕದಡುತ್ತಲೇ ಕೇಳಿಸಿಕೊಂಡರು.

ಮತ್ತೊಂದು ವಾರದ ಕೊನೆ. ಹೋಟೆಲಿನ ಹಾಸಿಗೆ ಬಟ್ಟೆ ರಾಶಿ ಬಿದ್ದಿತ್ತು, ಮಧ್ಯಾಹ್ನಕ್ಕೆ ಕೊಡಬೇಕು, ಮಾವ ಬೆಳಗಿನಿಂದ ಕಿರುಚುತ್ತಿದ್ದರು. ಮನೆಯ ಬಟ್ಟೆಯಲ್ಲಿ ನಾದಿನಿಯ ಅಂಗಿ ಬಂತು. ಎಡತೋಳು ತಿರುವಿ ನೋಡಿದೆ. ಇಷ್ಟು ದಿನ ಬಿಳಿಯಾಗಿದ್ದ ತೋಳಲ್ಲಿ ಮತ್ತೆ ಕಲೆ. ಡ್ರಾಯರಿನ ಮೂಲೆಯಿಂದ ಕೆಂಪು ದಾರ ತೆಗೆದು ಕಟ್ಟಿದೆ. ಬೈಯುವುದಿದ್ದರೆ ಬೈಯಲಿ ಎಂದು ಅತ್ತೆಯ ಕೈಗೇ ಕೊಟ್ಟೆ.

ಅವರು ದಾರ ನೋಡಿದರು. ಕಲೆ ತೆಗೆಯುವ ಬೋಗುಣಿ ಪಕ್ಕದಲ್ಲೇ ಇತ್ತು, ಅದರಲ್ಲಿ ನೀರೂ ಇತ್ತು. ಅತ್ತೆ ಅಂಗಿಯನ್ನು ಅದರ ಮೇಲೆ ಹಿಡಿದು ನಿಂತರು. ಆಮೇಲೆ ಒದ್ದೆ ಮಾಡದೆ, ಹಾಗೇ ಹಿಡಿದುಕೊಂಡು, ಪರದೆ ಸರಿಸಿ ಮನೆಯೊಳಗೆ ನಡೆದರು.

"ಈಗಷ್ಟೇ ನೆಲ ಒರೆಸಿದೀನಿ!" ಎಂದು ಅಜ್ಜಿ ಚೀರಿದರು. "ಆ ಕೊಚ್ಚೆ ಬೂಟು ಕಳಚಿ ಬಾರೇ!"

ಅತ್ತೆ ಕಳಚಲಿಲ್ಲ. ಮಗಳ ಕೋಣೆಯ ಮುಂದೆ ನಿಂತು ಬಾಗಿಲು ಬಡಿದರು. ನಾನು ಹಿಂದೆಯೇ ಹೋಗಿ ಪರದೆಯ ಬಳಿ ನಿಂತೆ.

"ಯಾರು?" ಎಂದಿತು ಒಳಗಿನ ದನಿ.

"ನಾನು."

"ಕಾಣ್ತಿದೆ ಬೂಟು. ಹೋಗು."

"ಅಂಗಿ ನೋಡಿದೆ. ಜಾಸ್ತಿ ಆಗಿದ್ಯಾ?"

"ಇಲ್ಲ. ನಿನ್ನೆಯದು. ಪಟ್ಟಿ ಕಟ್ಟಿದೀನಿ. ತಗೊಂಡು ಹೋಗಿ ಒಗಿ, ಬಿಳೀ ಮಾಡು."

"ಒಗೆದಿಲ್ಲ. ಒಗಿಯಲ್ಲ."

"ನಾನು ಬಾಗಿಲು ತೆಗಿಯಲ್ಲ."

"ತೆಗೀಬೇಡ. ತೆಗೆದಾಗ ಡಾಕ್ಟ್ರ ಹತ್ರ ಹೋಗೋಣ."

"ನಿನ್ನ ಜೊತೆ ಬರಲ್ಲ."

"ಅತ್ತಿಗೆ ಜೊತೆ ಹೋಗು. ನಾನು ವ್ಯಾನಲ್ಲಿ ಕೂತಿರ್ತೀನಿ."

ಅತ್ತೆ ಗೋಡೆ ಹಿಡಿದುಕೊಂಡು, ಮೊಣಕಾಲು ಮಡಚಲಾರದೆ ಮಡಚಿ, ನೆಲಕ್ಕೆ ಕೂತರು. ಅಂಗಿ ಮಡಿಲಲ್ಲಿತ್ತು. ಬೂಟುಗಳು ಬಾಗಿಲ ಸಂದಿಗೆ ಒತ್ತಿಕೊಂಡಂತೆ ಉಳಿದವು, ಅವುಗಳಿಂದ ಇಳಿದ ನೀರು ಸಂದಿಯ ಕೆಳಗೆ ಒಳಕ್ಕೆ ಹರಿಯಿತು. ಅಷ್ಟರಲ್ಲಿ ಆಚೆ ಮಷೀನು ಒಂದು ಸುತ್ತು ಮುಗಿಸಿ ಬೀಪ್ ಬೀಪ್ ಎಂದು ಕೂಗತೊಡಗಿತು.

"ಯಾರೂ ಇಲ್ವೇನೇ ಅಲ್ಲಿ?" ಎಂದು ಮಾವ ಅರಚಿದರು. "ಹೋಟೆಲಿನವನು ಫೋನ್ ಮೇಲೆ ಫೋನ್ ಮಾಡ್ತಿದಾನೆ!"

ಒಳಗೆ ಏನೋ ಸರಿದ ಸದ್ದಾಯಿತು. ಅವಳು ನೆಲಕ್ಕೆ ಕೂತಿರಬೇಕು, ದನಿ ಈಗ ಬಾಗಿಲ ಕೆಳಗಿನಿಂದ ಬಂತು.

"ಮಷೀನ್ ಕರೀತಿದೆ ನಿನ್ನನ್ನ."

"ಕೇಳಿಸ್ತಿದೆ," ಎಂದರು ಅತ್ತೆ.

ಬೂಟು ಅಲ್ಲಾಡಲಿಲ್ಲ.